ಸ್ಲೋ ಜ್ಯೂಸರ್ ತಗೊಳೋ ಮುಂಚೆ, ತೊಳೆಯೋರು ಯಾರು ಅಂತ ಕೇಳ್ಕೊಳಿ

ನಮ್ಮನೆ ಅಟ್ಟದ ಮೇಲೆ ಒಂದು ಸ್ಲೋ ಜ್ಯೂಸರ್, ಅಂದ್ರೆ ಹಣ್ಣು ತರಕಾರೀನ ನಿಧಾನಕ್ಕೆ ಅರೆದು ರಸ ಹಿಂಡೋ ಮಶೀನು, ಕೂತಿದೆ, ಡಬ್ಬದ ಸಮೇತ, ಪಕ್ಕದಲ್ಲಿ ಗೌರಿ ಹಬ್ಬದ ಬಾಗಿನದ ಮೊರ. ತಗೊಂಡು ನಾಲ್ಕು ತಿಂಗಳು ಓಡಿಸಿದ್ವಿ ಅಷ್ಟೇ. ಮೋಟಾರು ಇವತ್ತಿಗೂ ಸರಿಯಾಗಿದೆ. ಮೊದಮೊದಲು ದಿನಾ ಬೆಳಿಗ್ಗೆ, ಆಮೇಲೆ ಭಾನುವಾರ ಮಾತ್ರ, ಆಮೇಲೆ ಒಂದಿನ ತೊಳೆಯುವಾಗ ಅಡಿಯಲ್ಲಿದ್ದ ಬೆರಳಿನುಗುರಿನಷ್ಟು ಸಿಲಿಕಾನ್ ಬಿರಡೆ ಸಿಂಕಲ್ಲಿ ಕೊಚ್ಕೊಂಡು ಹೋಯ್ತು, ಬಿರಡೆ ಇಲ್ದೆ ಜ್ಯೂಸೆಲ್ಲ ಕೆಳಗೆ ಸೋರತ್ತೆ, ಕಂಪನಿಗೆ ಫೋನ್ ಮಾಡಿದ್ರೆ "ಮೇಡಂ ಆ ಮಾಡೆಲ್ ನಿಂತೋಗಿದೆ" ಅಂದ್ರು. ಹತ್ತು ರೂಪಾಯಿ ಬಾಳದ ಬಿರಡೆಗೆ ಹನ್ನೊಂದು ಸಾವಿರದ ಮಶೀನು ಅಟ್ಟ ಹತ್ತಿತು.

ಈಗಿರೋದು ಎರಡನೇದು, ಮೂರು ವರ್ಷ ಆಯ್ತು, ವಾರಕ್ಕೆ ನಾಲ್ಕೈದು ದಿನ ಓಡತ್ತೆ. ಹಾಸನದಲ್ಲಿ ನಮ್ಮ ಬೀದಿಯವರು, ಆಫೀಸಿನವರು, ಮೂಡಿಗೆರೆ ಕಡೆ ತವರಿನವರು ಎಲ್ಲಾ "ಯಾವ್ದು ತಗೊಳೋದು ಅಕ್ಕಾ" ಅಂತ ಕೇಳ್ತಾನೇ ಇರ್ತಾರೆ, ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ. ಇಂಥ ಕಂಪನೀದೇ ತಗೊಳಿ ಅಂತ ನಾನು ಹೇಳಲ್ಲ. ಹೆಂಗೆ ನೋಡಿ ತಗೋಬೇಕು ಅಂತ ಹೇಳ್ತೀನಿ.

ಮೊದಲನೇ ಹೆಜ್ಜೆ: ಹದಿನೈದು ದಿನ ಮಿಕ್ಸಿಲಿ ಮಾಡಿ ನೋಡಿ

ದುಡ್ಡು ಕೊಡೋ ಮುಂಚೆ ಇದನ್ನ ಮಾಡಿ. ಮನೇಲಿರೋ ಮಿಕ್ಸಿಗೆ ಕ್ಯಾರೆಟ್ಟೋ ಬೀಟ್ರೂಟೋ ಹೆಚ್ಚಿ ಹಾಕಿ, ಸ್ವಲ್ಪ ನೀರು ಬಿಟ್ಟು ರುಬ್ಬಿ, ಹಳೇ ಬಿಳಿ ಪಂಚೆ ಬಟ್ಟೇಲಿ ಹಾಕಿ ಹಿಂಡಿ. ರಸ ಬರತ್ತೆ. ನೊರೆ ಜಾಸ್ತಿ, ನೀರು ಬೆರೆತಿರತ್ತೆ, ಕೈ ನೋಯತ್ತೆ, ಬಟ್ಟೆ ಕಲೆ ಆಗತ್ತೆ, ಆದ್ರೆ ಕುಡಿಯೋಕೆ ಏನೂ ತೊಂದ್ರೆ ಇಲ್ಲ. ಹದಿನೈದು ದಿನದಲ್ಲಿ ಹತ್ತು ದಿನ ಆದ್ರೂ ನೀವು ಇದನ್ನ ಮಾಡಿದ್ರೆ ನಿಮಗೆ ಜ್ಯೂಸರ್ ಬೇಕು ಅಂತ ಅರ್ಥ. ಮೂರನೇ ದಿನಕ್ಕೇ ಕೈಬಿಟ್ರೆ ಹನ್ನೊಂದು ಸಾವಿರ ಉಳೀತು ಅನ್ಕೊಳಿ.

ಇನ್ನೊಂದು, ನಿಮ್ಮನೇಲಿ ಆಗೋದು ಬರೀ ಕಿತ್ತಳೆ ಮೂಸಂಬಿ ಜ್ಯೂಸಾದ್ರೆ ಸ್ಲೋ ಜ್ಯೂಸರ್ ಬೇಡ್ವೇ ಬೇಡ. ಕೈಲಿ ತಿರುಗಿಸೋ ಇಲ್ಲ ಒತ್ತೋ ಹಿಂಡೋ ಮಶೀನು ಕೆಲವು ನೂರು ರೂಪಾಯಿಗೆ ಸಿಗತ್ತೆ, ಅಡ್ಡ ಕತ್ತರಿಸಿ ಒತ್ತಿದ್ರೆ ಆಯ್ತು, ತೊಳೆಯೋಕೆ ಅರ್ಧ ನಿಮಿಷ. ಸ್ಲೋ ಜ್ಯೂಸರಿಗೆ ಹಾಕಬೇಕು ಅಂದ್ರೆ ಕಿತ್ತಳೆ ಸಿಪ್ಪೆ ಸುಲೀಬೇಕು, ಬೀಜ ತೆಗೀಬೇಕು, ತೆಗೀದಿದ್ರೆ ಬೀಜ ನುಗ್ಗಾಗಿ ಕಹಿ ಬರತ್ತೆ. ಕಾಫಿ ತೋಟದ ಮಧ್ಯೆ ಕಿತ್ತಳೆ ಗಿಡ ಇರೋ ನಮ್ಮ ತವರುಮನೇಲಿ ಸೀಸನ್ನಲ್ಲಿ ಬುಟ್ಟಿ ಬುಟ್ಟಿ ಬರತ್ತೆ, ಅಲ್ಲಿ ಇವತ್ತಿಗೂ ನಡೆಯೋದು ಕೈ ಮಶೀನೇ.

ಮನೇಲಿ ಶುಗರ್ ಇರೋರು ಇದ್ರೆ ಇದೂ ತಲೇಲಿರಲಿ. ಜ್ಯೂಸರ್ ಮಾಡೋ ಕೆಲಸವೇ ನಾರು ಬೇರೆ ಮಾಡೋದು. ನಾರಿನ ಬಹುಪಾಲು ಹಿಪ್ಪೇಲಿ ಹೋಗತ್ತೆ, ಸಕ್ಕರೆ ಅಂಶ ಲೋಟದಲ್ಲಿ ಉಳಿಯತ್ತೆ. ಹಣ್ಣಿನ ರಸದಲ್ಲಿರೋ ಸಕ್ಕರೇನ ವಿಶ್ವ ಆರೋಗ್ಯ ಸಂಸ್ಥೆ ಕೂಡ ಮಿತಿ ಹಾಕ್ಕೋಬೇಕಾದ ಸಕ್ಕರೆ ಲೆಕ್ಕಕ್ಕೇ ಸೇರಿಸತ್ತೆ, ಮೇಲಿಂದ ಸಕ್ಕರೆ ಹಾಕದಿದ್ರೂ. ನಮ್ಮ ಮಾವನೋರಿಗೆ ಶುಗರ್ ಇದೆ, ಅವರಿಗೆ ಸೇಬು ಕ್ಯಾರೆಟ್ ಲೋಟಗಟ್ಲೆ ಕೊಡಲ್ಲ, ಬೂದುಗುಂಬಳಕಾಯಿ ಸೌತೆಕಾಯಿ ಅರ್ಧ ಲೋಟ, ಅದೂ ಡಾಕ್ಟ್ರ ಹತ್ರ ಕೇಳಿ. ಕಿಡ್ನಿ ಕಲ್ಲಿನ ತೊಂದ್ರೆ ಇದ್ದೋರು ಪಾಲಕ್ಕು ಬೀಟ್ರೂಟು ದಿನಾ ಹಿಂಡ್ಕೊಂಡು ಕುಡಿಯೋ ಮುಂಚೆ ಕೇಳ್ಲೇಬೇಕು, ಎರಡರಲ್ಲೂ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ.

ಎರಡನೇದು: ಇದು ಒಳಗೆ ಏನು ಮಾಡತ್ತೆ ಅಂತ ತಿಳ್ಕೊಳಿ

ಹಳೇ ಥರದ ಜ್ಯೂಸರ್, ಅಂದ್ರೆ ಜ್ಯೂಸ್ ಅಂಗಡೀಲಿ ಗರ್ ಅಂತ ಸದ್ದು ಮಾಡೋದು, ಮಿಕ್ಸಿ ಜಾತಿ. ಹಲ್ಲಿರೋ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ತುರಿದು ಜಾಲರಿಗೆ ಬೀಸಿ ಎಸೆಯತ್ತೆ. ಸ್ಲೋ ಜ್ಯೂಸರ್ ಗಾಣದ ಜಾತಿ. ದಪ್ಪ ಸ್ಕ್ರೂ ಥರದ್ದು ಒಳಗೆ ನಿಧಾನಕ್ಕೆ ತಿರುಗತ್ತೆ, ನಿಮಿಷಕ್ಕೆ 40ರಿಂದ 100 ಸುತ್ತು, ಹಾಕಿದ ತುಂಡನ್ನ ಜಗಿದು ಜಾಲರಿಗೆ ಒತ್ತತ್ತೆ, ರಸ ಒಂದು ಬಾಯಿಂದ, ಹಿಪ್ಪೆ ಇನ್ನೊಂದು ಬಾಯಿಂದ. ಆಲೆಮನೇಲಿ ಕಬ್ಬು ಅರೆಯೋದನ್ನ ನೋಡಿದೋರಿಗೆ ಬಿಡಿಸಿ ಹೇಳೋದೇ ಬೇಡ. ಹಂಗಂತ ಇದಕ್ಕೆ ಕಬ್ಬು ಹಾಕೋಕೆ ಹೋಗ್ಬೇಡಿ, ಸ್ಕ್ರೂ ಸೀಳು ಬಿಡತ್ತೆ, ನಮ್ಮ ಮೈದುನ ಸಂಕ್ರಾಂತಿ ದಿನ ಕೋಲು ಹಿಡ್ಕೊಂಡು ಬಂದೇ ಬಿಟ್ಟಿದ್ದ.

ಡಬ್ಬದ ಮೇಲೆ "ಕೋಲ್ಡ್ ಪ್ರೆಸ್" ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ. ಬಾಟ್ಲಿ ಜ್ಯೂಸ್ ಮಾರೋ ದೊಡ್ಡ ಕಡೆ ಬಳಸೋ ನಿಜವಾದ ಕೋಲ್ಡ್ ಪ್ರೆಸ್ಸು ಬೇರೆ, ಅದು ಬಟ್ಟೆ ಚೀಲಕ್ಕೆ ತುಂಬಿ ಹೈಡ್ರಾಲಿಕ್ಕಲ್ಲಿ ಒತ್ತೋದು. ಮನೇದಕ್ಕೆ ಆ ಹೆಸರು ವ್ಯಾಪಾರಕ್ಕೆ ಬಂದಿರೋದು. ಫಾಸ್ಟ್ ಜ್ಯೂಸರಿನ ಬಿಸಿಗೆ ಸತ್ವ ಎಲ್ಲಾ ಸತ್ತೋಗತ್ತೆ ಅನ್ನೋದನ್ನೂ ಪೂರ್ತಿ ನಂಬಬೇಡಿ, ಅರ್ಧ ನಿಮಿಷದಲ್ಲಿ ಆಚೆ ಬರೋ ರಸ ಅಷ್ಟೇನು ಕಾಯಲ್ಲ. ನಿಜವಾದ ವ್ಯತ್ಯಾಸ ಏನಪ್ಪಾ ಅಂದ್ರೆ ಗಾಳಿ ಕಮ್ಮಿ ಸೇರತ್ತೆ, ಅದಕ್ಕೆ ನೊರೆ ಕಮ್ಮಿ, ಬಣ್ಣ ಕಪ್ಪಾಗೋದು ನಿಧಾನ, ನೀರು ಬೇರೆ ಗಷ್ಟಿ ಬೇರೆ ಆಗೋದು ನಿಧಾನ, ಸೊಪ್ಪು ಶುಂಠಿ ಥರದವುಗಳಲ್ಲಿ ರಸ ಜಾಸ್ತಿ ಬರತ್ತೆ, ಸದ್ದು ಕಮ್ಮಿ. ನಮ್ಮನೆ ಮಗು ಪಕ್ಕದ ರೂಮಲ್ಲಿ ಮಲಗಿದ್ರೂ ಓಡಿಸ್ತೀನಿ.

43 ಸುತ್ತಿಂದು 60 ಸುತ್ತಿಂದಕ್ಕಿಂತ ಮೇಲು ಅಂತ ಸೇಲ್ಸ್‌ನವರು ಹೇಳ್ತಾರೆ, ಅದನ್ನ ಈ ಕಿವಿಲಿ ಕೇಳಿ ಆ ಕಿವಿಲಿ ಬಿಟ್ಬಿಡಿ. 100ರೊಳಗೆ ಇದ್ರೆ ಸಾಕು. ವ್ಯಾಟ್ ವಿಷಯಾನೂ ಅಷ್ಟೇ, ಮಿಕ್ಸಿ 500, 750 ವ್ಯಾಟ್ ನೋಡಿದೋರಿಗೆ ಇದರ 150, 200, 250 ವ್ಯಾಟ್ ನೋಡಿ "ಇದು ಬಡಕಲು" ಅನ್ಸತ್ತೆ. ಒಳಗೆ ಗೇರ್ ಇರತ್ತೆ, ವೇಗ ಇಳಿಸಿ ಒತ್ತೋ ಬಲಕ್ಕೆ ಹಾಕಿರ್ತಾರೆ, ಗದ್ದೇಲಿ ಟಿಲ್ಲರ್ ಲೋ ಗೇರಲ್ಲಿ ಹೋದಂಗೆ.

ಮೂರನೇದು: ಏನೇನು ಹಾಕ್ತೀರಿ ಅಂತ ಒಂದು ಚೀಟೀಲಿ ಬರೀರಿ

ಇದನ್ನ ಯಾರೂ ಮಾಡಲ್ಲ. ಜಾಹೀರಾತಲ್ಲಿ ತೋರಿಸೋ ಸೆಲರಿ, ಕೇಲ್, ಹಸಿರು ಸೇಬು ನೋಡಿ ತಗೊಂಡು ಮನೇಲಿ ಬೂದುಗುಂಬಳಕಾಯಿ ಹಾಕ್ತೀವಿ. ನಮ್ಮ ಚೀಟೀಲಿ ಇದ್ದಿದ್ದು ಕ್ಯಾರೆಟ್, ಬೀಟ್ರೂಟ್, ಬೂದುಗುಂಬಳ, ನೆಲ್ಲಿಕಾಯಿ, ಶುಂಠಿ, ಒಂದೆಲಗ, ದಾಳಿಂಬೆ, ಆಗಾಗ ಅನಾನಸ್ಸು. ನಮ್ಮ ಜಿಲ್ಲೇಲಿ ಶುಂಠಿ ಬೆಳೆ ಎಷ್ಟು ಅಂತ ನಿಮಗೇ ಗೊತ್ತು, ಯಾರಾದ್ರೂ ಒಬ್ರು ನೆಂಟ್ರು ಚೀಲದಲ್ಲಿ ತಂದು ಕೊಟ್ಟೇ ಕೊಡ್ತಾರೆ. ಬಿರಡೆ ಹೋಗೋ ಮುಂಚೇನೇ ನಮ್ಮ ಮೊದಲನೇ ಮಶೀನನ್ನ ಒಂದ್ಸಲ ಸೋಲಿಸಿದ್ದು ಈ ಶುಂಠಿಯೇ. ಅದರ ನಾರು ಉದ್ದುದ್ದ, ಸ್ಕ್ರೂಗೆ ದಾರ ಸುತ್ತಿದಂಗೆ ಸುತ್ಕೊಂಡು, ಹಿಪ್ಪೆ ಬಾಯಿ ಕಟ್ಕೊಂಡು, ಮುಚ್ಚಳ ಬಿಚ್ಚೋಕೆ ನಮ್ಮೆಜಮಾನ್ರು ಮೊಣಕಾಲಲ್ಲಿ ಅದುಮಿ ಹಿಡ್ಕೊಂಡು ತಿರುಗಿಸಬೇಕಾಯ್ತು.

ಸೊಪ್ಪು, ಶುಂಠಿ, ಗೋಧಿಹುಲ್ಲು ಜಾಸ್ತಿ ಅಂದ್ರೆ ಅಡ್ಡಕ್ಕೆ ಮಲಗಿರೋ ಮಾಡೆಲ್ ಕಡೆ ನೋಡಿ. ಕ್ಯಾರೆಟ್, ಸೇಬು, ಸೌತೆ, ಕಲ್ಲಂಗಡಿ ಜಾಸ್ತಿ ಅಂದ್ರೆ ಉದ್ದಕ್ಕೆ ನಿಂತಿರೋದು. ಚೀಟೀಲಿ ಬಾಳೆಹಣ್ಣು, ಪಪ್ಪಾಯಿ, ಬೆಣ್ಣೆಹಣ್ಣು, ಸಪೋಟ ಇದ್ರೆ ಅವನ್ನ ಹೊಡೆದು ಹಾಕಿ, ಅವು ಯಾವ ಜ್ಯೂಸರಲ್ಲೂ ರಸ ಬಿಡಲ್ಲ, ಮುದ್ದೆಯಾಗಿ ಜಾಲರಿ ಮುಚ್ಚತ್ತೆ, ಅವಕ್ಕೆ ಮಿಕ್ಸಿಯೇ ಸರಿ. ತೆಂಗಿನಕಾಯಿ ಹಾಲಿಗೆ ಆಗತ್ತಾ ಅಂತ ನಮ್ಮತ್ತೆ ಮೊದಲು ಕೇಳಿದ್ದೇ ಅದು. ಕೆಲವಕ್ಕೆ ಆಗತ್ತೆ, ಬಿಸಿನೀರಲ್ಲಿ ನೆನೆಸಿದ ತುರಿ ನೀರಿನ ಜೊತೆ ಸ್ವಸ್ವಲ್ಪ ಹಾಕಬೇಕು, ಒಣಗಿದ ಕೊಬ್ಬರಿ ಆಗಲ್ಲ. ಕೈಪಿಡೀಲಿ ಬರೆದಿದ್ರೆ ಮಾತ್ರ ಮಾಡಿ, ಬರೀದೆ ಇದ್ದದ್ದನ್ನ ಮಾಡಿ ಸ್ಕ್ರೂ ಮುರಿದ್ರೆ ವಾರಂಟಿ ಕೊಡಲ್ಲ.

ನಾಲ್ಕನೇದು: ನಿಂತಿರೋದಾ ಮಲಗಿರೋದಾ

ನಿಂತಿರೋದು ಅಂದ್ರೆ ಉದ್ದಕ್ಕೆ ಗೋಪುರದ ಥರ, ಮೇಲಿಂದ ಹಾಕೋದು, ತುಂಡು ತಾನಾಗೇ ಕೆಳಗೆ ಇಳಿಯತ್ತೆ, ಸ್ಲ್ಯಾಬಲ್ಲಿ ಜಾಗ ಕಮ್ಮಿ ತಗೊಳತ್ತೆ. ಬಾಯಿ ದೊಡ್ಡದಿರೋದು ಸಿಗತ್ತೆ, 75 ಮಿಲಿಮೀಟರ್ ಮೇಲೆ ಇದ್ರೆ ಸಣ್ಣ ಸೇಬು ಇಡೀದೇ ಹಾಕಬಹುದು ಅಂತಾರೆ. ಹಾಕಬಹುದು, ನಿಜ. ಆದ್ರೆ ನಾನಂತೂ ಎಲ್ಲಾದನ್ನೂ ಸೀಳಿ ನೋಡೇ ಹಾಕೋದು, ಒಳಗೆ ಹುಳ ಇದ್ರೆ ಅದರದ್ದೂ ಜ್ಯೂಸ್ ಕುಡಿಯೋಕೆ ಇಷ್ಟ ಇಲ್ಲ. ದೊಡ್ಡ ಬಾಯಿಗೆ ಮಕ್ಕಳ ಕೈ ಹೋಗತ್ತೆ ಅನ್ನೋದೂ ನೋಡ್ಕೊಳಿ, ಮುಚ್ಚಳ ಸರಿಯಾಗಿ ಕೂರದೆ ಮಶೀನು ಶುರುವೇ ಆಗದಂಗೆ ಲಾಕ್ ಇರಬೇಕು.

ಮಲಗಿರೋದು ಅಡ್ಡಕ್ಕೆ, ಶಾವಿಗೆ ಒರಳಿನ ಕೊಳವೆ ಮಲಗಿಸಿದಂಗೆ. ಬಾಯಿ ಚಿಕ್ಕದು, ಎಲ್ಲಾ ಬೆರಳು ಗಾತ್ರಕ್ಕೆ ಹೆಚ್ಚಬೇಕು, ಕೋಲಲ್ಲಿ ಒತ್ತಬೇಕು, ಟೈಮ್ ಹಿಡಿಯತ್ತೆ. ಆದ್ರೆ ಬಿಡಿಭಾಗ ಕಮ್ಮಿ, ನಾರು ನೇರ ಮುಂದಕ್ಕೆ ತಳ್ಕೊಂಡು ಹೋಗೋದ್ರಿಂದ ಸೊಪ್ಪಿಗೆ ಶುಂಠಿಗೆ ಒಳ್ಳೇದು, ತೊಳೆಯೋದು ಸುಲಭ. ಎರಡು ಸ್ಕ್ರೂ ಒಂದಕ್ಕೊಂದು ಕಚ್ಕೊಂಡು ತಿರುಗೋ ಮಾಡೆಲ್ಲೂ ಇವೆ, ರಸ ಚೆನ್ನಾಗಿ ತೆಗೆಯತ್ತೆ, ಬೆಲೆ ತೂಕ ಎರಡೂ ಜಾಸ್ತಿ, ಮನೆಗೆ ಅಷ್ಟು ಬೇಕಿಲ್ಲ.

ಅಳತೆ ಟೇಪ್ ತಗೊಂಡು ಅಡುಗೆಮನೆಗೆ ಹೋಗಿ. ಸ್ಲ್ಯಾಬಿಂದ ಮೇಲಿನ ಕಪಾಟಿನ ಅಡಿವರೆಗೆ ಎಷ್ಟಿದೆ? ಮಶೀನಿನ ಎತ್ತರ ಒಂದೇ ಅಲ್ಲ, ಒತ್ತೋ ಕೋಲು ಪೂರ್ತಿ ಮೇಲೆ ಎತ್ತೋಕೆ ಜಾಗ ಬೇಕು. ಓಡಿಸೋರ ಎತ್ತರಾನೂ ನೋಡಿ. ನಮ್ಮತ್ತೆ ಐದಡಿಗಿಂತ ಕಮ್ಮಿ, ಹಳೇ ಮಶೀನಿಗೆ ಅವರು ಮಣೆ ಮೇಲೆ ನಿಂತು ಒತ್ತಬೇಕಿತ್ತು, ಒಂದಿನ ಮಣೆ ಜಾರಿ ಬೀಳೋದು ಒಂಚೂರಲ್ಲಿ ತಪ್ಪಿತು. ಈಗಿಂದು ಮಲಗಿರೋದು, ಅವರ ಎದೆ ಮಟ್ಟಕ್ಕೇ ಬರತ್ತೆ.

ಇನ್ನೊಂದು ಅಳತೆ: ಮಶೀನು ಸ್ಲ್ಯಾಬ್ ಮೇಲೆ ಖಾಯಂ ಕೂರತ್ತಾ? ಐದಾರು ಕೆಜಿ ತೂಕದ್ದನ್ನ ದಿನಾ ಕಪಾಟಿಂದ ಎತ್ತಿ ಇಳಿಸೋದು ಯಾರ ಕೈಲೂ ಆಗಲ್ಲ. ಜಾಗ ಇಲ್ಲ ಅಂದ್ರೆ ತಗೋಬೇಡಿ.

ಐದನೇದು: ಬಿಚ್ಚಿ ನೋಡಿ, ಎಣಿಸಿ

ಅಂಗಡೀಲಿ ನೋಡ್ಬೇಕಾದ ಮುಖ್ಯ ಕೆಲಸ ಇದೇ. ಬಣ್ಣ, ಹೊಳಪು, ಡಿಸ್ಪ್ಲೇ ಎಲ್ಲಾ ಬಿಡಿ. ಮುಚ್ಚಳ ತೆಗೆದು ಒಳಗಿನ ಭಾಗ ಒಂದೊಂದೇ ಟೇಬಲ್ ಮೇಲಿಡಿ. ತೊಳೀಬೇಕಾದ್ದು ಎಷ್ಟು? ನಮ್ಮ ಹಳೇದರಲ್ಲಿ ಬಟ್ಟಲು, ಸ್ಕ್ರೂ, ಜಾಲರಿ, ಜಾಲರಿ ಸುತ್ತ ತಿರುಗೋ ಬ್ರಷ್ ಚೌಕಟ್ಟು, ಅದರ ಸಿಲಿಕಾನ್ ಪಟ್ಟಿಗಳು, ಬಾಯಿ, ಕೋಲು, ಬಿರಡೆ, ಎರಡು ಲೋಟ, ಒಟ್ಟು ಹತ್ತರ ಮೇಲೆ. ಈಗಿಂದರಲ್ಲಿ ಐದು.

ಜಾಲರೀನ ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ತೂತು ಜಾಸ್ತಿ ಇದ್ದಷ್ಟೂ ಜ್ಯೂಸು ತಿಳಿ, ತೊಳೆಯೋದು ಕಷ್ಟ. ಈಚೆಗೆ ಜಾಲರಿಯೇ ಇಲ್ಲದ ಮಾಡೆಲ್ ಬಂದಿವೆ, ಎರಡು ತುಂಡಿನ ಸ್ಕ್ರೂ, ಸೀಳು ಸೀಳಾದ ಪ್ಲಾಸ್ಟಿಕ್ ಕಿಂಡಿ, ನಲ್ಲಿ ಕೆಳಗೆ ಹಿಡಿದ್ರೆ ತೊಳ್ಕೊಂಡು ಹೋಗತ್ತೆ, ಬದಲಿಗೆ ಜ್ಯೂಸಲ್ಲಿ ಸ್ವಲ್ಪ ಹಿಪ್ಪೆ ಬರತ್ತೆ. ಹಿಪ್ಪೆ ಬಂದ್ರೆ ಮುಖ ಸಿಂಡರಿಸೋರು ಮನೇಲಿಲ್ಲ ಅಂದ್ರೆ ಅದನ್ನೇ ತಗೊಳಿ ಅಂತೀನಿ ನಾನು.

ಸ್ಕ್ರೂನ ಕೈಲಿ ಹಿಡಿದು ತೂಕ ನೋಡಿ, ಟೊಳ್ಳು ಅನ್ಸಿದ್ರೆ ಬೇಡ. ಆಮೇಲೆ ಅದರ ಅಡಿ ತಿರುಗಿಸಿ. ಮೋಟಾರಿಂದ ಬರೋ ಕಡ್ಡಿ ಕೂರೋ ಜಾಗ ಷಟ್ಕೋನವಾಗಿ ಉಕ್ಕಿಂದು ಇದ್ರೆ ಒಳ್ಳೇದು, ಬರೀ ಪ್ಲಾಸ್ಟಿಕ್ ಗುಳಿ ಇದ್ರೆ ಕಾಲ ಕಳೆದಂತೆ ಮೂಲೆ ಸವೆದು ಗುಂಡಗಾಗತ್ತೆ, ಮೋಟಾರು ತಿರುಗತ್ತೆ ಸ್ಕ್ರೂ ತಿರುಗಲ್ಲ. ಒಳ್ಳೇ ಸ್ಕ್ರೂಗಳನ್ನ ಅಲ್ಟೆಮ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಲ್ಲಿ ಮಾಡಿರ್ತಾರೆ, ಬಟ್ಟಲಿಗೆ ಟ್ರೈಟಾನ್ ಅಂತ ಬರತ್ತೆ. ರಸ ತಾಗೋ ಭಾಗ ಪೂರ್ತಿ ಬಿಪಿಎ (ಕೆಲವು ಪ್ಲಾಸ್ಟಿಕ್ಕಲ್ಲಿರೋ, ಹೊಟ್ಟೆಗೆ ಸೇರಬಾರದ ರಾಸಾಯನಿಕ) ಇಲ್ಲದ್ದು ಅಂತ ಬರೆದಿರಬೇಕು. ಹುಳಿ ರಸ ತಾಗೋದು, ಈ ಒಂದು ವಿಷಯದಲ್ಲಿ ಜುಗ್ಗತನ ಬೇಡ.

ಸಿಲಿಕಾನ್ ಉಂಗುರ, ಬಿರಡೆ ಎಷ್ಟಿದೆ, ಕೀಳಿದ್ರೆ ಪೂರ್ತಿ ಕೈಗೆ ಬರತ್ತಾ ಇಲ್ಲ ಒಂದು ತುದಿ ಅಂಟ್ಕೊಂಡೇ ಇರತ್ತಾ ನೋಡಿ. ಅಂಟ್ಕೊಂಡಿರೋದು ಒಳ್ಳೇದು. ಯಾಕೆ ಅಂತ ಮೇಲೆ ಹೇಳಾಯ್ತಲ್ಲ.

ಕರೆಂಟಿನ ಮಾತು

ಒಂದು ಲೆಕ್ಕ ಹೇಳ್ತೀನಿ. 200 ವ್ಯಾಟ್ ಮಶೀನು ದಿನಕ್ಕೆ 20 ನಿಮಿಷ ಓಡಿದ್ರೆ ತಿಂಗಳಿಗೆ 2 ಯೂನಿಟ್. ಬಿಲ್ಲಿನ ಚಿಂತೆ ಬಿಡಿ. ಮಳೆಗಾಲದಲ್ಲಿ ಮಲೆನಾಡು ಕಡೆ ವೋಲ್ಟೇಜ್ ಇಳಿಯೋದು ಬೇರೆ ಕಥೆ. ನೀರಿನ ಪಂಪಲ್ಲಿರೋ ಥರದ ಇಂಡಕ್ಷನ್ ಮೋಟಾರ್ ಇರೋ ಮಶೀನಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದ್ರೆ ತಿರುಗಿಸೋ ಬಲ ಸುಮಾರು 60 ಪರ್ಸೆಂಟಿಗೆ ಬೀಳತ್ತೆ. ಬಲ್ಬು ಮಂಕಾಗಿದೆ ಅಂದ್ರೆ ಅವತ್ತು ಬೀಟ್ರೂಟ್ ಹಾಕಬೇಡಿ, ಸಿಕ್ಕಾಕೊಂಡು ಗುಂಯ್ ಅಂತ ನಿಂತ್ರೆ ತಕ್ಷಣ ಸ್ವಿಚ್ ಆಫ್ ಮಾಡಿ, ಹಂಗೇ ಬಿಟ್ರೆ ಕಾಯಿಲು ಸುಡತ್ತೆ. ಹಿಂದಕ್ಕೆ ತಿರುಗಿಸೋ ಬಟನ್ ಇರಲೇಬೇಕು, ಇಲ್ಲದ ಮಶೀನು ಫ್ರೀ ಕೊಟ್ರೂ ಬೇಡ. ಯುಪಿಎಸ್ ಮೇಲೆ ಓಡಿಸೋದಾದ್ರೆ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನ ಥರಾನೇ ನಯವಾಗಿ ಕೊಡೋದು) ಒಳ್ಳೇದು, ಹಳೇ ಸ್ಕ್ವೇರ್ ವೇವ್ ಇನ್ವರ್ಟರಲ್ಲಿ ಮೋಟಾರು ಗೊರಗೊರ ಅಂದು ಬಿಸಿ ಆಗತ್ತೆ.

ಎಷ್ಟು ಹೊತ್ತು ಒಂದೇ ಸಮ ಓಡಿಸಬಹುದು ಅನ್ನೋದನ್ನ ಮಶೀನಿನ ಅಡಿಯ ಸ್ಟಿಕ್ಕರಲ್ಲೋ ಕೈಪಿಡೀಲೋ ನೋಡಿ. ಸಾಮಾನ್ಯಕ್ಕೆ 15ರಿಂದ 30 ನಿಮಿಷ ಇರತ್ತೆ, ಆಮೇಲೆ ತಣ್ಣಗಾಗೋಕೆ ಬಿಡಬೇಕು. ಹತ್ತು ಜನರ ಮನೆ ಅಂದ್ರೆ ಇದು ಲೆಕ್ಕಕ್ಕೆ ಬರತ್ತೆ.

ಆರನೇದು: ಅಂಗಡಿಗೆ ಅರ್ಧ ಕೆಜಿ ಕ್ಯಾರೆಟ್ ತಗೊಂಡು ಹೋಗಿ

ನಗಬೇಡಿ, ನಾನು ಹಂಗೇ ಮಾಡಿದ್ದು. ತೊಳೆದ ಅರ್ಧ ಕೆಜಿ ಕ್ಯಾರೆಟ್ಟು, ಒಂದು ತುಂಡು ಶುಂಠಿ, ಒಂದು ಹಿಡಿ ಸೊಪ್ಪು ಡಬ್ಬೀಲಿ ಹಾಕ್ಕೊಂಡು ಬಿ.ಎಂ. ರೋಡಲ್ಲಿರೋ ಒಂದು ಅಂಗಡಿಗೆ ಹೋದೆ. ಡೆಮೋ ಪೀಸ್ ಇದೆ ಅಂತ ಫೋನಲ್ಲಿ ಕೇಳ್ಕೊಂಡೇ ಹೋಗಿದ್ದು. ಅಲ್ಲಿ ಹುಡುಗ ಮೊದಲು "ಅಕ್ಕಾ, ನೀರು ಹಾಕಿ ತೋರಿಸ್ತೀನಿ" ಅಂದ. ನೀರು ಹಾಕಿದ್ರೆ ಏನು ಗೊತ್ತಾಗತ್ತಪ್ಪಾ, ಅಂದೆ. ಓನರ್ ನಕ್ಕು "ಹಾಕು ಹಾಕು, ಅವರು ತಯಾರಾಗೇ ಬಂದಿದಾರೆ" ಅಂದ್ರು.

ಮೊದಲು ಸೊಪ್ಪು, ಆಮೇಲೆ ಶುಂಠಿ, ಕೊನೆಗೆ ಕ್ಯಾರೆಟ್ಟು. ಕ್ಯಾರೆಟ್ ಹಾಕುವಾಗ ಕಿರ್ ಕಿರ್ ಅನ್ನತ್ತೆ, ಎತ್ತಿನಗಾಡಿ ಅಚ್ಚಿನ ಸದ್ದಿನಂಗೆ, ಅದಕ್ಕೆ ಹೆದರಬೇಡಿ. ಮಶೀನಿನ ಮೈ ಮೇಲೆ ಕೈಯಿಟ್ಟು ನೋಡಿ, ಸ್ಲ್ಯಾಬಿಂದ ಜರುಗ್ತಿದ್ರೆ ಅಡಿಯ ರಬ್ಬರ್ ಸರಿ ಇಲ್ಲ. ಮುಗಿದ ಮೇಲೆ ಹಿಪ್ಪೆ ಒಂದು ಹಿಡಿ ತಗೊಂಡು ಮುಷ್ಟಿ ಕಟ್ಟಿ ಜೋರಾಗಿ ಹಿಂಡಿ. ಬೆರಳ ಸಂದಿಂದ ರಸ ತೊಟ್ಟಿಕ್ಕಿದ್ರೆ ಆ ಮಶೀನು ಬೇಡ. ಒಳ್ಳೇ ಮಶೀನಿನ ಹಿಪ್ಪೆ ಕೈಯಲ್ಲಿ ಪುಡಿಪುಡಿ ಉದುರತ್ತೆ, ಅಂಗೈ ತೇವ ಆಗತ್ತೆ ಅಷ್ಟೇ. ಮೊದಲು ನೋಡಿದ್ದರಲ್ಲಿ ಮುಷ್ಟಿ ಕಟ್ಟಿದ ತಕ್ಷಣ ಮೊಣಕೈವರೆಗೂ ಕೆಂಪು ನೀರಿಳೀತು, ಹುಡುಗನೇ ನಾಚ್ಕೊಂಡು ಟಿಶ್ಯೂ ಕೊಟ್ಟ. ಕ್ಯಾರೆಟ್ಟಿಗೆ ತೂಕದ ಅರ್ಧದಷ್ಟು ರಸ ಬಂದ್ರೆ ಸಮಾಧಾನ ಪಡಬಹುದು, ಅಂದ್ರೆ ಅರ್ಧ ಕೆಜಿಗೆ ಕಾಲು ಲೀಟರ್ ಆಸುಪಾಸು.

ಆಮೇಲೆ ಅಂಗಡಿಯೋರಿಗೆ ಮುಜುಗರ ಆಗೋ ಕೆಲಸ. "ಸಿಂಕ್ ಎಲ್ಲಿದೆ? ನಾನೇ ತೊಳೀತೀನಿ." ಮೊಬೈಲಲ್ಲಿ ಟೈಮರ್ ಇಟ್ಟು ತೊಳೀರಿ. ನಾಲ್ಕು ನಿಮಿಷದೊಳಗೆ ಆದ್ರೆ ದಿನಾ ಬಳಸ್ತೀರಿ. ಎಂಟು ನಿಮಿಷ ಆದ್ರೆ ಭಾನುವಾರಕ್ಕೆ ಮಾತ್ರ. ಹನ್ನೆರಡಾದ್ರೆ ನಮ್ಮ ಅಟ್ಟದಲ್ಲಿ ಇನ್ನೊಂದಕ್ಕೆ ಜಾಗ ಇದೆ, ತಂದಿಡಿ. ಮನೆಗೆಲಸದವರು ತೊಳೀತಾರೆ ಅನ್ನೋರು ಅವರನ್ನೂ ಒಂದು ಮಾತು ಕೇಳಿ, ನಮ್ಮನೆ ಕೆಲಸದ ಅಕ್ಕ ಹಳೇ ಮಶೀನ್ ನೋಡಿದ್ದೇ "ಅದನ್ನ ನೀವೇ ಇಟ್ಕಳಿ, ಪಾತ್ರೆ ಎಷ್ಟಾದ್ರೂ ಹಾಕಿ" ಅಂದಿದ್ರು. ಈ ಸಲ ಬಿಚ್ಚೋದು ಜೋಡಿಸೋದು ಅವರ ಕೈಲೇ ಮಾಡಿಸಿ ನೋಡಿದ್ದು.

ಆನ್‌ಲೈನಲ್ಲೇ ತಗೊಳೋದಾದ್ರೆ ಡಬ್ಬ ಒಡೆಯೋದನ್ನ ಮೊದಲಿಂದ ಕೊನೆವರೆಗೆ ವಿಡಿಯೋ ಮಾಡ್ಕೊಳಿ, ವಾಪಸ್ ಕೊಡೋ ದಿನ ಮುಗಿಯೋದ್ರೊಳಗೆ ಮೇಲೆ ಹೇಳಿದ ಪರೀಕ್ಷೆ ಎಲ್ಲಾ ಮನೇಲೇ ಮಾಡಿ. ಬಳಸಿದ ಮೇಲೆ ವಾಪಸ್ ತಗೊಳಲ್ಲ ಅನ್ನೋರೂ ಇದಾರೆ, ಅದನ್ನ ಆರ್ಡರ್ ಮಾಡೋ ಮುಂಚೆ ಓದಿ. ರಿವ್ಯೂ ಓದುವಾಗ ಐದು ಸ್ಟಾರಿನವು ಬಿಡಿ, ಅವರೆಲ್ಲ ಮೊದಲನೇ ವಾರದ ಖುಷೀಲಿ ಬರೆದಿರೋದು. "ಆರು ತಿಂಗಳಾದ ಮೇಲೆ" ಅಂತ ಶುರುವಾಗೋವು ಹುಡುಕಿ.

ಏಳನೇದು: ಬಿಡಿಭಾಗ, ಸರ್ವಿಸ್ಸು

ಹಾಸನ ಚಿಕ್ಕಮಗಳೂರಿನವರಿಗೆ ಇದು ಬೆಂಗಳೂರಿನವರಿಗಿಂತ ದೊಡ್ಡ ವಿಷಯ. ಹಾಸನದಿಂದ ಬೆಂಗಳೂರು 180 ಕಿಲೋಮೀಟರ್ ಮೇಲೆ, ಚಿಕ್ಕಮಗಳೂರಿಂದ ಇನ್ನೂ ದೂರ, ಜ್ಯೂಸರ್ ಹೊತ್ಕೊಂಡು ಬಸ್ಸತ್ತೋಕಾಗತ್ತಾ. ದುಡ್ಡು ಕೊಡೋ ಮುಂಚೆ ಕಸ್ಟಮರ್ ಕೇರಿಗೆ ಅಂಗಡೀಲೇ ನಿಂತು ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಮನೆಗೆ ಬಂದು ರಿಪೇರಿ ಮಾಡ್ತಾರಾ ಇಲ್ಲ ನಾವು ಕಳಿಸಬೇಕಾ, ಕೊರಿಯರ್ ಖರ್ಚು ಯಾರದ್ದು, ಜಾಲರಿ ಸ್ಕ್ರೂ ಸಿಲಿಕಾನ್ ಸೆಟ್ ಬಿಡಿಯಾಗಿ ಸಿಗತ್ತಾ, ರೇಟೆಷ್ಟು ಅಂತ ಕೇಳಿ. ಉತ್ತರ ತಡವರಿಸಿದ್ರೆ ಅಲ್ಲೇ ಗೊತ್ತಾಗತ್ತೆ. "10 ವರ್ಷ ವಾರಂಟಿ" ಅಂತ ದೊಡ್ಡದಾಗಿ ಹಾಕಿದ್ರೆ ಕೆಳಗೆ ಚಿಕ್ಕಕ್ಷರ ಓದಿ, ಅದು ಬಹುಪಾಲು ಮೋಟಾರಿಗೆ ಮಾತ್ರ. ಕೆಟ್ಟೋಗೋದು ಮೋಟಾರಲ್ಲ, ಜಾಲರಿ, ಸ್ಕ್ರೂ, ಉಂಗುರ.

ಸಿಲಿಕಾನ್ ಸೆಟ್ ಒಂದು ಎಕ್ಸ್‌ಟ್ರಾ ಮಶೀನ್ ಜೊತೇಲೇ ತಗೊಂಬಿಡಿ. ಜಿಎಸ್‌ಟಿ ಬಿಲ್ ತಗೊಳಿ, ಫೋಟೋ ತೆಗೆದಿಡಿ, ಥರ್ಮಲ್ ಕಾಗದದ ಅಕ್ಷರ ಕೆಲವು ತಿಂಗಳಲ್ಲೇ ಅಳಿಸೋಗತ್ತೆ. ಮಾತು ಕೊಟ್ಟು ಸರ್ವಿಸ್ ಕೊಡದೆ ಆಟ ಆಡಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಬೆಲೆ ಅಂತ ಬಂದ್ರೆ ಆರೇಳು ಸಾವಿರದಿಂದ ಹಿಡಿದು ಮೂವತ್ತು ಸಾವಿರದ ಮೇಲೂ ಇದೆ. ಕಮ್ಮಿ ಬೆಲೇದು ಕೆಟ್ಟದ್ದು ಅಂತೇನಿಲ್ಲ, ಬಿಡಿಭಾಗ ಸಿಗತ್ತೆ ಅನ್ನೋದಾದ್ರೆ ಅದೇ ಸಾಕು. ನನ್ನ ಕೇಳಿದ್ರೆ ದಿನಾ ಇಬ್ಬರು ಮೂವರಿಗೆ ಮಾಡೋ ಮನೆಗೆ ನಡುವಿನ ಬೆಲೇದು ಸರಿ, ಮೇಲಿನದ್ದಕ್ಕೆ ಕೊಡೋ ಎಕ್ಸ್‌ಟ್ರಾ ದುಡ್ಡು ಬಹಳ ಸಲ ಟಚ್ ಸ್ಕ್ರೀನಿಗೆ ಬಣ್ಣಕ್ಕೆ ಹೋಗತ್ತೆ.

ಮನೆಗೆ ತಂದ ಮೇಲೆ

ಹಸಿದನ್ನೇ ಕುಡಿಯೋದ್ರಿಂದ ತೊಳೆಯೋದು ಮುಖ್ಯ. ಕ್ಯಾರೆಟ್ ಬೀಟ್ರೂಟ್ ಶುಂಠಿ ಎಲ್ಲಾ ಮಣ್ಣಲ್ಲಿ ಬೆಳೆದಿದ್ದು, ನೀರಲ್ಲಿ ಹತ್ತು ನಿಮಿಷ ಬಿಟ್ಟು ಬ್ರಷ್ಷಲ್ಲಿ ಉಜ್ಜಿ. ಶುಂಠಿ, ಸೊಪ್ಪಿನ ದಂಟು, ಅನಾನಸ್ಸು ಇವನ್ನ ಬೆರಳಿನ ಅಡ್ಡ ಅಗಲಕ್ಕಿಂತ ಉದ್ದ ಬಿಡಬೇಡಿ, ನಾರಿಗೆ ಅಡ್ಡಡ್ಡ ಕುಯ್ಯಿರಿ. ನೆಲ್ಲಿಕಾಯಿ ನೇರಳೆ ಖರ್ಜೂರದ ಬೀಜ ಪೂರ್ತಿ ತೆಗೀರಿ, ಒಂದು ನೆಲ್ಲಿ ಬೀಜ ಸಾಕು ಸ್ಕ್ರೂ ಹಲ್ಲು ಮುರಿಯೋಕೆ. ದಾಳಿಂಬೆ ಕಾಳು ಹಂಗೇ ಹಾಕಬಹುದು, ಮಿಕ್ಸಿಲಿ ಬರೋ ಒಗರು ಇದರಲ್ಲಿ ಬರಲ್ಲ.

ಮೆತ್ತಂದು ಒಂದು ತುಂಡು, ಗಟ್ಟೀದು ಒಂದು ತುಂಡು, ಹಿಂಗೆ ಬದಲಾಯಿಸಿ ಹಾಕಿ, ಕೊನೇದಾಗಿ ಯಾವತ್ತೂ ಕ್ಯಾರೆಟ್ ತುಂಡು, ಅದು ಒಳಗಿರೋ ಸೊಪ್ಪನ್ನೆಲ್ಲ ಗುಡಿಸ್ಕೊಂಡು ಹೋಗತ್ತೆ. ಆತುರಕ್ಕೆ ತುರುಕಬೇಡಿ. ಖಾಲಿ ಓಡಿಸಬೇಡಿ.

ಸೋರೆಕಾಯಿ ಹಾಕೋರು ಒಂದು ತುಂಡು ಬಾಯಿಗಿಟ್ಟು ರುಚಿ ನೋಡಿ ಹಾಕಿ. ಕಹಿ ಇದ್ರೆ ಇಡೀ ಕಾಯಿ ಎಸೀರಿ. ಔಷಧಿ ಕಹಿ ಅಂತ ಮೂಗು ಮುಚ್ಚಿ ಕುಡಿಯೋದಲ್ಲ ಅದು, ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನೋ ವಿಷ ಇರತ್ತೆ, ರಕ್ತವಾಂತಿ ಆಗಿ ಪ್ರಾಣ ಹೋಗಿರೋದೂ ಇದೆ.

ಜ್ಯೂಸ್ ಲೋಟಕ್ಕೆ ಬಂದ ತಕ್ಷಣ, ಕುಡಿಯೋದಕ್ಕೂ ಮುಂಚೆ, ಒಂದು ಚೊಂಬು ನೀರು ಮೇಲಿಂದ ಸುರಿದು ಹತ್ತು ಸೆಕೆಂಡ್ ಓಡಿಸಿ, ಆಮೇಲೆ ಬಿಚ್ಚಿ ಬಟ್ಟಲಲ್ಲಿ ನೀರಲ್ಲಿ ಮುಳುಗಿಸಿಡಿ. ಒಣಗೋಕೆ ಬಿಟ್ರೆ ಕೆಟ್ಟಿರಿ, ಜಾಲರಿ ತೂತಲ್ಲಿ ಸಿಮೆಂಟ್ ಥರ ಕೂರತ್ತೆ. ಜಾಲರಿಗೆ ಬ್ರಷ್ಷು ಆಚೆಯಿಂದ ಒಳಕ್ಕೆ ಹೊಡೀರಿ, ಬೆಳಕಿಗೆ ಹಿಡಿದು ನೋಡಿ. ಕುದಿಯೋ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗತ್ತೆ. ಕ್ಯಾರೆಟ್ಟಿನ ಕಿತ್ತಳೆ ಬಣ್ಣದ ಕಲೆಗೆ ಸೋಪು ಉಜ್ಜಿ ಉಜ್ಜಿ ಕೈ ನೋಯಿಸ್ಕೋಬೇಡಿ, ಮೊದಲು ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸೋಪು, ಆ ಬಣ್ಣ ಎಣ್ಣೇಲಿ ಕರಗತ್ತೆ ನೀರಲ್ಲಿ ಕರಗಲ್ಲ. ಬೋರ್ ನೀರಿನ ಮನೆಯೋರಿಗೆ ಜಾಲರಿ ಮೇಲೆ ಬೆಳ್ಳಗೆ ಉಪ್ಪು ಕಟ್ಟತ್ತೆ, ತಿಂಗಳಿಗೊಂದು ಸಲ ನಿಂಬೆರಸದ ನೀರಲ್ಲಿ ಅರ್ಧ ಗಂಟೆ ನೆನೆಸಿ.

ಮಿಕ್ಕಿದ ಜ್ಯೂಸು ಗಾಜಿನ ಬಾಟ್ಲಿಗೆ ಕತ್ತಿನವರೆಗೆ ತುಂಬಿ ಫ್ರಿಜ್ಜಲ್ಲಿಟ್ರೆ ಮಾರನೇ ದಿನಕ್ಕೆ ನಡೆಯತ್ತೆ. ಮೂರು ದಿನ ಇಡಬಹುದು ಅಂತ ಕೈಪಿಡೀಲಿ ಇದ್ರೂ ನಾನು ಇಡಲ್ಲ.

ಹಿಪ್ಪೆ ಎಸೀಬೇಡಿ ಮತ್ತೆ. ಕ್ಯಾರೆಟ್ ಹಿಪ್ಪೆ ಒಂದು ಹಿಡಿ ಅಕ್ಕಿಹಿಟ್ಟಿಗೆ ಹಾಕಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಉಪ್ಪು, ಜೀರಿಗೆ ಸೇರಿಸಿ ರೊಟ್ಟಿ ತಟ್ಟಿ. ಹಿಪ್ಪೆ ಒಣಗಿರೋದ್ರಿಂದ ಹಿಟ್ಟು ಮಾಮೂಲಿಗಿಂತ ನೀರು ಜಾಸ್ತಿ ಕುಡಿಯತ್ತೆ, ಅದೊಂದು ನೋಡ್ಕೊಳಿ, ಇಲ್ದಿದ್ರೆ ಅಂಚು ಬಿರುಕು ಬಿಡತ್ತೆ. ಶುಂಠಿ ಹಿಪ್ಪೇನ ನಮ್ಮತ್ತೆ ಒಣಗಿಸಿ ಡಬ್ಬಿಗೆ ಹಾಕಿಡ್ತಾರೆ, ಸಂಜೆ ಟೀಗೆ ಒಂದು ಚಿಟಿಕೆ.